ಹಳೆಯ ಡೀಸೆಲ್ ಜೀಪು ಒಮ್ಮೊಮ್ಮೆ ಮಾತ್ರ ಹೀಟ್ ಆಗುತ್ತಿದ್ದರೆ: ದೋಷ ಹುಡುಕುವ ಕ್ರಮ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ‘ದಿನವೂ ಆಫೀಸಿಗೆ ಓಡಿಸುವಾಗ ಏನೂ ಆಗುವುದಿಲ್ಲ, ನಂದಿ ಬೆಟ್ಟ ಹತ್ತುವಾಗ ಮಾತ್ರ ಮುಳ್ಳು ಕೆಂಪಿಗೆ ಹೋಗುತ್ತದೆ, ಗ್ಯಾರೇಜಿಗೆ ಒಯ್ದು ನಿಲ್ಲಿಸಿದರೆ ಅರ್ಧ ಗಂಟೆ ಓಡಿಸಿದರೂ ಹೀಟ್ ಆಗುವುದಿಲ್ಲ, ಏನು ಬದಲಾಯಿಸಬೇಕು?’ ವಾಹನ ಮಹೀಂದ್ರ ಎಂಎಂ 540 ಇರಬಹುದು, ಕಮಾಂಡರ್ ಇರಬಹುದು, ಹಳೆಯ ಬೊಲೆರೊ, ಸುಮೊ ಅಥವಾ ಗೂರ್ಖಾ ಇರಬಹುದು. ಪ್ರಶ್ನೆ ಮಾತ್ರ ಒಂದೇ. ಇದಕ್ಕೆ ನನ್ನ ಉತ್ತರವೂ ಒಂದೇ: ಏನನ್ನೂ ಬದಲಾಯಿಸಬೇಡಿ, ಮೊದಲು ಯಾವಾಗ ಹೀಟ್ ಆಗುತ್ತದೆ ಎಂಬುದನ್ನು ಸರಿಯಾಗಿ ಗುರುತಿಸಿ. ಸದಾ ಹೀಟ್ ಆಗುವ ಎಂಜಿನ್ನಿನ ದೋಷವನ್ನು ಯಾರು ಬೇಕಾದರೂ ಹಿಡಿಯಬಹುದು. ಒಮ್ಮೊಮ್ಮೆ ಹೀಟ್ ಆಗುವ ಎಂಜಿನ್ನಿನ ದೋಷ ಯಾವುದೋ ಒಂದು ಸನ್ನಿವೇಶದಲ್ಲಷ್ಟೇ ತಲೆ ಎತ್ತುತ್ತದೆ. ಆ ಸನ್ನಿವೇಶ ಗೊತ್ತಾದರೆ ತಪ್ಪಿತಸ್ಥ ಭಾಗದ ಹೆಸರು ಅರ್ಧ ಗೊತ್ತಾದಂತೆ.

ಈ ಪಾಠವನ್ನು ನಾನು ಹಣ ಕೊಟ್ಟೇ ಕಲಿತೆ. ನನ್ನ ಜೀಪಿಗೆ ಹೊಸ ರೇಡಿಯೇಟರ್ ಕೋರ್ ಮತ್ತು ಹೊಸ ವಾಟರ್ ಪಂಪ್ ಹಾಕಿಸಿದ ಮೇಲೂ ಅದು ಹೆದ್ದಾರಿಯಲ್ಲಿ ಹೀಟ್ ಆಗುತ್ತಲೇ ಇತ್ತು. ಕೊನೆಗೆ ಸಿಕ್ಕ ದೋಷ ಒಂದು ರಬ್ಬರ್ ಹೋಸಿನಲ್ಲಿತ್ತು. ಅದರ ವಿವರ ಆರನೆಯ ಹಂತದಲ್ಲಿ ಬರುತ್ತದೆ.

ಮೊದಲು ತಿಳಿದಿರಬೇಕಾದ ಎರಡು ಸಂಗತಿಗಳು

ಡೀಸೆಲ್ ಎಂಜಿನ್ ಐಡಲಿನಲ್ಲಿ, ಅಂದರೆ ನಿಂತಲ್ಲೇ ಓಡುವಾಗ, ಬಹಳ ಕಡಿಮೆ ಶಾಖವನ್ನು ಹುಟ್ಟಿಸುತ್ತದೆ. ಆ ಹೊತ್ತಿನಲ್ಲಿ ಅದು ಸುಡುವ ಇಂಧನವೇ ಅಷ್ಟು ಕಡಿಮೆ. ಆದ್ದರಿಂದ ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ‘ಹೀಟ್ ಆಗುತ್ತಿಲ್ಲವಲ್ಲ’ ಎನ್ನುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಅದೇ ಎಂಜಿನ್ ಬೆಟ್ಟ ಹತ್ತುವಾಗ ಸುಡುವ ಡೀಸೆಲಿನ ಶಾಖದಲ್ಲಿ ಸರಿಸುಮಾರು ಮೂರನೇ ಒಂದು ಭಾಗವನ್ನು ನೀರೇ ಹೊತ್ತು ರೇಡಿಯೇಟರಿಗೆ ಒಯ್ಯಬೇಕಾಗುತ್ತದೆ. ಎಂಎಂ 540ರಲ್ಲಿದ್ದ 2112 ಸಿಸಿಯ ಪ್ಯೂಜೊ ವಿನ್ಯಾಸದ ಎಂಜಿನ್ನಿನಂತೆ ಪಕ್ಕದ ಪುಟ್ಟ ಕೋಣೆಯಲ್ಲಿ ಇಂಧನ ಸುಡುವ ಹಳೆಯ ಮಾದರಿಗಳು, ನೇರವಾಗಿ ಪಿಸ್ಟನ್ನಿನ ಮೇಲೆ ಇಂಧನ ಸಿಂಪಡಿಸುವ 2523 ಸಿಸಿಯ ಡಿಐ ಎಂಜಿನ್ನಿಗಿಂತ ಹೆಚ್ಚು ಶಾಖವನ್ನು ನೀರಿಗೆ ಬಿಟ್ಟುಕೊಡುತ್ತವೆ.

ಎರಡನೆಯದು ನಮ್ಮ ಊರಿನ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. 1478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಯಲ್ಲಿ ಅದು 95ರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ನಿನ ನೀರು ಕುದಿಯದೆ ಉಳಿಯುವುದು ರೇಡಿಯೇಟರ್ ಕ್ಯಾಪ್ ಹಿಡಿದಿಡುವ ಒತ್ತಡದಿಂದ. 13 ಪಿಎಸ್‌ಐ ಕ್ಯಾಪ್ ಸರಿಯಾಗಿದ್ದರೆ ಬೆಂಗಳೂರಿನಲ್ಲಿ ಬರೀ ನೀರು ಕೂಡ ಸುಮಾರು 117 ಡಿಗ್ರಿಯವರೆಗೆ ಕುದಿಯುವುದಿಲ್ಲ. 7 ಪಿಎಸ್‌ಐ ಕ್ಯಾಪಾದರೆ ಸುಮಾರು 109. ಕ್ಯಾಪ್ ಸೋತಿದ್ದರೆ, 82 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟಿಗೂ (ಎಂಜಿನ್ ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕುದಿಯುವ ಬಿಂದುವಿಗೂ ನಡುವೆ ನಿಮಗೆ ಉಳಿಯುವುದು ಹದಿನೈದೇ ಡಿಗ್ರಿ. ಮಂಗಳೂರಿನಲ್ಲಿ ಹೇಗೋ ನಡೆದ ಗಾಡಿ ಇಲ್ಲಿಗೆ ಬಂದ ಮೇಲೆ ತಕರಾರು ಮಾಡುವುದಕ್ಕೆ ಇದೂ ಒಂದು ಕಾರಣ.

ಬೇಕಾಗುವ ಸಾಮಗ್ರಿ

ಒಂದು ನೋಟ್‌ಬುಕ್, ಒಳ್ಳೆಯ ಟಾರ್ಚ್, ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ದಪ್ಪ ಕೈಗವಸು, ಕಪ್ಪು ಇನ್ಸುಲೇಷನ್ ಟೇಪ್, ಹತ್ತು ಲೀಟರ್ ಡಿಸ್ಟಿಲ್ಡ್ ವಾಟರ್ ಇದ್ದರೆ ಸಾಕು. ಕೂಲಿಂಗ್ ವ್ಯವಸ್ಥೆಗೆ ಕೈಯಿಂದ ಒತ್ತಡ ತುಂಬಿ ಸೋರಿಕೆ ನೋಡುವ ಪಂಪನ್ನು ನೀವೇ ಕೊಳ್ಳಬೇಕಾಗಿಲ್ಲ, ಪರಿಚಯದ ಮೆಕ್ಯಾನಿಕ್ ಬಳಿ ಒಂದು ದಿನದ ಮಟ್ಟಿಗೆ ಕೇಳಿ. ಥರ್ಮಾಮೀಟರಿನ ಬಗ್ಗೆ ಒಂದು ಎಚ್ಚರಿಕೆ: ಹೊಳೆಯುವ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಮೇಲೆ ಅದು ಸುಳ್ಳು ಅಂಕಿ ತೋರಿಸುತ್ತದೆ. ಅಳೆಯುವ ಜಾಗದಲ್ಲಿ ಕಪ್ಪು ಟೇಪಿನ ತುಂಡು ಅಂಟಿಸಿ, ಅದರ ಮೇಲೆ ಗುರಿಯಿಡಿ.

ಸುರಕ್ಷತೆಯ ಮಾತು ಚಿಕ್ಕದಾದರೂ ಅದನ್ನು ಹಾರಿಸಿ ಓದಬೇಡಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಕ್ಯಾಪನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಕನಿಷ್ಠ ಮುಕ್ಕಾಲು ಗಂಟೆ ಕಾದು, ಮೇಲಿನ ಹೋಸನ್ನು ಹಿಸುಕಿ ಅದು ಮೆತ್ತಗಾಗಿದೆ ಎಂದು ಖಾತ್ರಿಯಾದ ಮೇಲೆ, ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ. ಕುದಿಯುತ್ತಿರುವ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ, ಬಿರುಕು ಬಿಡುತ್ತದೆ. ಎಂಜಿನ್ ಓಡುತ್ತಿರುವಾಗ ಹೆಗಲ ಮೇಲಿನ ಟವೆಲ್, ದುಪಟ್ಟಾ, ಸಡಿಲ ತೋಳು ಯಾವುದೂ ಫ್ಯಾನಿನ ಹತ್ತಿರ ಸುಳಿಯಬಾರದು. ಕೂಲೆಂಟ್, ಅಂದರೆ ರೇಡಿಯೇಟರಿನ ನೀರಿಗೆ ಬೆರೆಸುವ ದ್ರವ, ರುಚಿಗೆ ಸಿಹಿ, ಆದರೆ ವಿಷ. ತೆಗೆದ ಕೂಲೆಂಟನ್ನು ಬೀದಿನಾಯಿಗಳು ನೆಕ್ಕುವಂತೆ ರಸ್ತೆಬದಿಯಲ್ಲಿ ಚೆಲ್ಲಬೇಡಿ.

ಹಂತ 1: ಮುಳ್ಳು ನಿಜ ಹೇಳುತ್ತಿದೆಯೇ?

ಹಳೆಯ ಗಾಡಿಗಳಲ್ಲಿ ಹೀಟ್ ಆಗಿದ್ದು ಎಂಜಿನ್ನಲ್ಲ, ಮೀಟರು ಎಂಬುದು ನೀವು ಎಣಿಸಿದ್ದಕ್ಕಿಂತ ಹೆಚ್ಚು ಸಲ ನಿಜವಾಗುತ್ತದೆ. ಟೆಂಪರೇಚರ್ ಮುಳ್ಳು ಏರಿದಾಗ ಡೀಸೆಲ್ ಮುಳ್ಳನ್ನೂ ನೋಡಿ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ, ದೋಷ ಮೀಟರುಗಳಿಗೆ ಸ್ಥಿರ ವೋಲ್ಟೇಜ್ ಕೊಡುವ ಪುಟ್ಟ ಸ್ಟೆಬಿಲೈಸರಿನಲ್ಲಿ ಅಥವಾ ಡ್ಯಾಶ್‌ಬೋರ್ಡಿನ ಅರ್ತಿಂಗಿನಲ್ಲಿದೆ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಅಲುಗಿದರೂ ಅರ್ತಿಂಗನ್ನೇ ಅನುಮಾನಿಸಬೇಕು. ಇದಾವುದೂ ಅಲ್ಲವಾದರೆ, ಮುಳ್ಳು ಏರಿದ ಹೊತ್ತಿನಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ ತೆರೆದು, ಥರ್ಮೋಸ್ಟಾಟ್ ಕೂತಿರುವ ಲೋಹದ ಮನೆಯ ಮೇಲಿನ ಶಾಖವನ್ನು ಅಳೆದು ಬರೆದಿಡಿ. ಅದು 90ರ ಆಸುಪಾಸಿನಲ್ಲಿದ್ದು ಮುಳ್ಳು ಕೆಂಪಿನಲ್ಲಿದ್ದರೆ ನೀರಿನ ಶಾಖ ಗ್ರಹಿಸುವ ಸೆಂಡರ್ ಮತ್ತು ಅದರ ತಂತಿಯನ್ನು ಸರಿಪಡಿಸಿ; ಉಳಿದ ಹಂತಗಳು ನಿಮಗೆ ಬೇಕಾಗದೆಯೂ ಹೋಗಬಹುದು.

ಇದರ ತಿರುವುಮುರುವು ಅಪಾಯಕಾರಿ. ಮುಳ್ಳು ಕೆಂಪಿನವರೆಗೆ ಏರಿ, ಇದ್ದಕ್ಕಿದ್ದಂತೆ ತಣ್ಣನೆಯ ತುದಿಗೆ ಬಿದ್ದರೆ ‘ಸದ್ಯ, ಇಳಿಯಿತಲ್ಲ’ ಎಂದು ಮುಂದೆ ಓಡಿಸಬೇಡಿ. ಸೆಂಡರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾಗಿ ಅಳೆಯುತ್ತದೆ. ನೀರು ಖಾಲಿಯಾಗಿ ಅದರ ಸುತ್ತ ಬರೀ ಗಾಳಿ ಉಳಿದಾಗಲೂ ಮುಳ್ಳು ಇಳಿಯುತ್ತದೆ. ಅಂಥ ಸಂದರ್ಭದಲ್ಲಿ ತಕ್ಷಣ ಎಂಜಿನ್ ಆಫ್ ಮಾಡಬೇಕು.

ಹಂತ 2: ಯಾವಾಗ ಹೀಟ್ ಆಗುತ್ತದೆ ಎಂಬುದನ್ನು ಬರೆದಿಡಿ

ಎರಡು ವಾರ ಗಾಡಿಯಲ್ಲೊಂದು ನೋಟ್‌ಬುಕ್ ಇಡಿ. ಪ್ರತಿ ಸಲ ಮುಳ್ಳು ಏರಿದಾಗ ಸಮಯ, ಜಾಗ, ವೇಗ, ಗೇರು, ಎಸಿ ಇತ್ತೇ ಇರಲಿಲ್ಲವೇ, ಎಷ್ಟು ಹೊತ್ತಿಗೆ ಇಳಿಯಿತು, ಇಳಿಯಲು ನೀವೇನು ಮಾಡಿದಿರಿ ಎಂಬುದನ್ನು ಬರೆಯಿರಿ. ಬೆಂಗಳೂರಿನವರಿಗೆ ಬೇಕಾದ ಪರೀಕ್ಷಾ ರಸ್ತೆಗಳೆಲ್ಲ ಹತ್ತಿರದಲ್ಲೇ ಇವೆ: ಸಂಜೆಯ ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ದಟ್ಟಣೆ, ಒಂದೇ ವೇಗದಲ್ಲಿ ಓಡಲು ನೈಸ್ ರಸ್ತೆ, ಏರಿಗೆ ನಂದಿ ಬೆಟ್ಟ. ಮೂರರಲ್ಲೂ ಓಡಿಸಿ ಹೋಲಿಸಿ ನೋಡಿ.

ದಟ್ಟಣೆಯಲ್ಲಿ ಏರಿ, ಗಾಡಿ ಓಡತೊಡಗಿದೊಡನೆ ಇಳಿದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ. ನಾಲ್ಕನೆಯ ಹಂತ ನಿಮ್ಮದು. ಇದಕ್ಕೆ ವಿರುದ್ಧವಾಗಿ, ಹೆದ್ದಾರಿಯಲ್ಲಿ 80ರ ವೇಗದಲ್ಲಿ ಏರಿ, 50ಕ್ಕೆ ಇಳಿಸಿದರೆ ಇಳಿಯುವುದಾದರೆ ಗಾಳಿ ಸಾಕಷ್ಟಿದೆ, ನೀರಿನ ಓಟ ಸಾಲುತ್ತಿಲ್ಲ, ಅಥವಾ ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿವೆ ಎಂದರ್ಥ. ಏರಿನಲ್ಲಿ ಮಾತ್ರ ಏರುವುದಾದರೆ ರೇಡಿಯೇಟರ್, ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವೆ ಸೋರದಂತೆ ಹಾಕುವ ತೆಳು ಹಾಳೆ), ಇಂಧನದ ಪ್ರಮಾಣ ಈ ಮೂರೂ ಸಂಶಯಕ್ಕೆ ಒಳಗಾಗುತ್ತವೆ. ಯಾವ ಕಾರಣವೂ ಇಲ್ಲದೆ ಮುಳ್ಳು ಜಿಗಿದು ತಾನಾಗಿಯೇ ಇಳಿಯುವುದು ಹೆಚ್ಚಾಗಿ ಥರ್ಮೋಸ್ಟಾಟ್ ಸಿಕ್ಕಿಕೊಳ್ಳುವುದರ ಅಥವಾ ನೀರಿನ ದಾರಿಯಲ್ಲಿ ಗಾಳಿಗುಳ್ಳೆ ಸುಳಿಯುವುದರ ಲಕ್ಷಣ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಏರಿದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ, ಇಲ್ಲವೇ ಗ್ಯಾಸ್ಕೆಟ್ ಹೋಗಿದೆ. ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಮುಳ್ಳು ಏರುವುದು ಸಹಜ, ಏಕೆಂದರೆ ಪಂಪ್ ನಿಂತಿರುತ್ತದೆ, ಲೋಹದ ಶಾಖ ನಿಂತ ನೀರಿಗೆ ಇಳಿಯುತ್ತದೆ; ಆದರೆ ಆಗ ನೀರು ಉಕ್ಕಿ ಹೊರಬಂದರೆ ಕ್ಯಾಪನ್ನು ನೋಡಬೇಕು.

ಕಚ್ಚಾದಾರಿಯಲ್ಲಿ ಓಡಿಸುವವರು ಒಂದು ಮಾತನ್ನು ನೆನಪಿಡಬೇಕು. ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು, ಹಾಕಿ ಮೊದಲ ಗೇರಿನಲ್ಲಿ ತೆವಳುವಾಗ ಎಂಜಿನ್ ಬಲವಾಗಿ ದುಡಿಯುತ್ತಿರುತ್ತದೆ, ಗಾಡಿ ಮಾತ್ರ ನಡೆಯುವ ಮನುಷ್ಯನ ವೇಗದಲ್ಲಿರುತ್ತದೆ. ಮುಂದಿನಿಂದ ನುಗ್ಗುವ ಗಾಳಿ ಇಲ್ಲವೇ ಇಲ್ಲ, ಎಲ್ಲವೂ ಫ್ಯಾನಿನ ಮೇಲೆ. ರಸ್ತೆಯಲ್ಲಿ ಗೊತ್ತಾಗದ ಫ್ಯಾನಿನ ದೌರ್ಬಲ್ಯ ಅಲ್ಲಿ ಬಯಲಾಗುತ್ತದೆ.

ಹಂತ 3: ತಣ್ಣಗಿರುವಾಗ ನೀರು, ಕ್ಯಾಪ್, ಸೋರಿಕೆ

ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆರೆಯಿರಿ. ತೆರೆಯುವ ಕ್ಷಣದಲ್ಲಿ ಕಿವಿಗೊಟ್ಟು ಕೇಳಿ. ರಾತ್ರಿಯಿಡೀ ನಿಂತ ಗಾಡಿಯ ಕ್ಯಾಪ್ ‘ಸ್ಸ್’ ಎಂದು ಒತ್ತಡವನ್ನು ಹೊರಬಿಟ್ಟರೆ ಅದನ್ನು ಬರೆದಿಟ್ಟುಕೊಳ್ಳಿ. ಶಾಖದಿಂದ ಹಿಗ್ಗಿದ ನೀರಿನ ಒತ್ತಡ ತಣ್ಣಗಾದಾಗ ಇಳಿದುಹೋಗಬೇಕು. ಬೆಳಗಿನವರೆಗೂ ಉಳಿದ ಒತ್ತಡ ಎಂದರೆ ಸಿಲಿಂಡರಿನ ಹೊಗೆ ನೀರಿನ ದಾರಿಗೆ ಸೇರಿದೆ ಎಂಬ ಬಲವಾದ ಸೂಚನೆ. ಇದರ ಮುಂದಿನ ಪರೀಕ್ಷೆ ಏಳನೆಯ ಹಂತದಲ್ಲಿದೆ.

ನೀರಿನ ಮಟ್ಟದ ವಿಷಯದಲ್ಲಿ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. ಉಕ್ಕಿದ ನೀರನ್ನು ಹಿಡಿದಿಡುವ ಪಕ್ಕದ ಬಾಟಲಿ ಇಲ್ಲದ ಹಳೆಯ ಜೀಪುಗಳಲ್ಲಿ ರೇಡಿಯೇಟರನ್ನು ಕಂಠದವರೆಗೆ ತುಂಬಬಾರದು, ಹಿಗ್ಗಲು ಒಂದಂಗುಲದಷ್ಟು ಜಾಗ ಬಿಡಬೇಕು. ಕಂಠದವರೆಗೆ ತುಂಬಿದರೆ ಬಿಸಿಯಾದಾಗ ಹೆಚ್ಚುವರಿ ನೀರು ಕೊಳವೆಯಿಂದ ನೆಲಕ್ಕೆ ಬೀಳುತ್ತದೆ, ಮಾಲೀಕರು ಅದನ್ನು ಹೀಟ್ ಎಂದು ಭಾವಿಸಿ ಮತ್ತೆ ಕಂಠದವರೆಗೆ ತುಂಬುತ್ತಾರೆ. ಮಟ್ಟ ಒಂದು ಕಡೆ ನಿಂತ ಮೇಲೆ ಅಲ್ಲಿಂದ ಕೆಳಗಿಳಿಯುತ್ತಿದೆಯೇ ಎಂಬುದಷ್ಟೇ ಮುಖ್ಯ.

ಕ್ಯಾಪಿನಲ್ಲಿ ಎರಡು ವಾಲ್ವುಗಳಿವೆ. ದೊಡ್ಡದು ಒತ್ತಡವನ್ನು ಹಿಡಿಯುತ್ತದೆ; ನಡುವಿನ ಚಿಕ್ಕದು ತಣ್ಣಗಾಗುವಾಗ ಗಾಳಿಯನ್ನೋ ಬಾಟಲಿಯ ನೀರನ್ನೋ ಒಳಗೆ ಬಿಟ್ಟುಕೊಳ್ಳುತ್ತದೆ. ಬೆಳಗ್ಗೆ ಮೇಲಿನ ಹೋಸ್ ಚಪ್ಪಟೆಯಾಗಿ ಮುದುಡಿದ್ದರೆ ಆ ಚಿಕ್ಕ ವಾಲ್ವ್ ಸಿಕ್ಕಿಕೊಂಡಿದೆ. ರಬ್ಬರ್ ಒಣಗಿ ಗೀರು ಬಿದ್ದಿದ್ದರೆ, ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಕ್ಯಾಪನ್ನು ಕಣ್ಣು ಮುಚ್ಚಿ ಬದಲಾಯಿಸಿ. ಬದಲಾಯಿಸಿ ನೋಡಿ ಎಂದು ನಾನು ಧೈರ್ಯವಾಗಿ ಹೇಳುವ ಏಕೈಕ ಭಾಗ ಇದು. ಆದರೆ ಹಳೆಯದರ ಮೇಲೆ ಎಷ್ಟು ಒತ್ತಡದ ಅಂಕಿ ಇದೆಯೋ, ಕೈಪಿಡಿ ಎಷ್ಟು ಹೇಳುತ್ತದೋ ಅಷ್ಟರದ್ದೇ ತನ್ನಿ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನೋಡಲು ಒಂದೇ ತೆರನಾದ ಕ್ಯಾಪುಗಳು ಬೇರೆ ಬೇರೆ ಒತ್ತಡದಲ್ಲಿ ಸಿಗುತ್ತವೆ. ಹಳೆಯ ಕ್ಯಾಪನ್ನು ಕೈಯಲ್ಲಿ ಹಿಡಿದೇ ಹೋಗಿ. 7ರ ಜಾಗಕ್ಕೆ 13ರದ್ದನ್ನು ಹಾಕಿದರೆ ಹಳೆಯ ಬೆಸುಗೆ, ಹಳೆಯ ಹೋಸು ಎರಡೂ ಬಾಯಿ ಬಿಡುತ್ತವೆ.

ಬಳಿಕ ಒತ್ತಡದ ಪಂಪನ್ನು ಕ್ಯಾಪಿನ ಜಾಗಕ್ಕೆ ಜೋಡಿಸಿ, ಕ್ಯಾಪಿನ ಮೇಲಿನ ಅಂಕಿಯಷ್ಟೇ ಒತ್ತಡ ಏರಿಸಿ ಕಾಲು ಗಂಟೆ ಬಿಡಿ. ಅಂಕಿ ಇಳಿದರೆ ಎಲ್ಲೋ ಸೋರುತ್ತಿದೆ. ಹೋಸಿನ ಕ್ಲಿಪ್ಪುಗಳು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಬ್ಲಾಕಿನ ಪಕ್ಕದ ಬಿಲ್ಲೆಗಳು, ಹೀಟರಿದ್ದರೆ ಮುಂದಿನ ಸೀಟಿನ ಕಾಲ ಬಳಿಯ ಮ್ಯಾಟ್ ಇವನ್ನೆಲ್ಲ ಟಾರ್ಚ್ ಹಿಡಿದು ನೋಡಿ. ಸೋರಿಕೆ ನಿಲ್ಲಿಸಲು ಅರಿಶಿನ ಪುಡಿ ಹಾಕಿ ಎನ್ನುವವರು ಇಂದಿಗೂ ಇದ್ದಾರೆ. ಕಾಡಿನ ನಡುವೆ ಸಿಕ್ಕಿಬಿದ್ದಾಗ ಊರು ಸೇರುವುದಕ್ಕೆ ಅದು ಆದೀತು. ಊರು ಸೇರಿದ ಮೇಲೆ ಅದೇ ಪುಡಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಮುಚ್ಚಿ ನಿಮ್ಮ ಮುಂದಿನ ದೋಷವಾಗುತ್ತದೆ.

ಹಂತ 4: ಗಾಳಿ

ರೇಡಿಯೇಟರಿನ ಮುಂದೆ ಏನೇನಿದೆ ಎಂಬುದನ್ನು ಮೊದಲು ನೋಡಿ. ಮಾಲೀಕರು ಬದಲಾದ ಹಾಗೆಲ್ಲ ಅಲ್ಲಿ ಫಾಗ್ ಲ್ಯಾಂಪ್, ದೊಡ್ಡ ಹಾರ್ನ್, ವಿಂಚ್, ಅಗಲದ ನಂಬರ್ ಪ್ಲೇಟ್, ಆಮೇಲೆ ಹಾಕಿಸಿದ ಎಸಿಯ ಕಂಡೆನ್ಸರ್ ಒಂದೊಂದಾಗಿ ಸೇರಿರುತ್ತವೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದು ಹೊರಗಿನಿಂದ ಕಾಣುವುದಿಲ್ಲ. ಅಲ್ಲಿ ಕೆಂಪು ಮಣ್ಣು, ಹುಲ್ಲಿನ ಬೀಜ, ಸತ್ತ ಹುಳುಗಳು ಸೇರಿ ಒಣಗಿ, ಗೋಡೆಗೆ ತಟ್ಟಿದ ಬೆರಣಿಯ ಹಾಗೆ ಗಟ್ಟಿಯಾಗಿರುತ್ತವೆ. ಮಳೆಗಾಲದ ಕೆಸರಿನಲ್ಲಿ ಓಡಿಸಿ ಬಂದು ಎರಡು ತಿಂಗಳ ಮೇಲೆ ಹೀಟ್ ಶುರುವಾಗುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಈ ಸಂದನ್ನು. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಪೈಪಿನ ನೀರಿನಲ್ಲಿ, ನೇರವಾಗಿ ಹಾಯಿಸಿ. ವಾಟರ್ ಸರ್ವಿಸಿನ ಜೋರು ನೀರು ಹತ್ತಿರದಿಂದ ಬಿದ್ದರೆ ತೆಳುವಾದ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಫ್ಯಾನಿನ ಸುತ್ತ ಇರಬೇಕಾದ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಬಳೆ, ಅಂದರೆ ಶ್ರೌಡ್, ಎಷ್ಟೋ ಹಳೆಯ ಜೀಪುಗಳಲ್ಲಿ ಇರುವುದೇ ಇಲ್ಲ. ಹಿಂದೊಮ್ಮೆ ಕೆಲಸಕ್ಕೆ ಅಡ್ಡಿ ಎಂದು ಬಿಚ್ಚಿದವರು ಮತ್ತೆ ಹಾಕಿರುವುದಿಲ್ಲ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ತನ್ನ ಅಕ್ಕಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಫ್ಯಾನ್ ಹಿಂದುಮುಂದಾಗಿ ಕೂತಿದೆಯೇ ಎಂಬುದನ್ನೂ ನೋಡಿ. ತಿರುವಿ ಹಾಕಿದ ಫ್ಯಾನ್ ಗಾಳಿಯನ್ನು ಎಳೆಯುತ್ತದೆ, ಆದರೆ ಬಹಳ ಕಡಿಮೆ. ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10ರಿಂದ 12 ಮಿಲಿಮೀಟರ್ ಬಗ್ಗಬೇಕು. ಒಳಗಿನ ಬದಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದೇ ಅರ್ಥ. ಜಾರುವ ಬೆಲ್ಟು ಫ್ಯಾನನ್ನಷ್ಟೇ ಅಲ್ಲ, ಹೆಚ್ಚಿನ ಗಾಡಿಗಳಲ್ಲಿ ವಾಟರ್ ಪಂಪನ್ನೂ ಸೋಮಾರಿಯಾಗಿಸುತ್ತದೆ.

ನಿಮ್ಮ ಗಾಡಿಯಲ್ಲಿ ವಿಸ್ಕಸ್ ಫ್ಯಾನ್ ಇದ್ದರೆ, ಅಂದರೆ ಸಿಲಿಕೋನ್ ಎಣ್ಣೆಯ ಹಿಡಿತದಿಂದ ಬಿಸಿಯಾದಾಗ ಜೋರಾಗಿಯೂ ತಣ್ಣಗಿರುವಾಗ ನಿಧಾನವಾಗಿಯೂ ತಿರುಗುವ ಫ್ಯಾನ್ ಇದ್ದರೆ, ಮುಳ್ಳು ಏರಿದಾಗ ಎಂಜಿನ್ ಆಫ್ ಮಾಡಿ, ಕೀಲಿ ತೆಗೆದು, ಕೈಯಿಂದ ತಿರುಗಿಸಿ ನೋಡಿ. ಬಿಸಿಯಲ್ಲಿ ಅದು ಬಿಗಿಯಾಗಿ ತಡೆಯಬೇಕು. ತಳ್ಳಿದರೆ ಸಲೀಸಾಗಿ ಸುತ್ತು ಹೊಡೆಯುವುದಾದರೆ, ಅಥವಾ ನಡುವಿನ ಗುಂಬದಿಂದ ಎಣ್ಣೆಯ ಗೆರೆಗಳು ಹೊರಗೆ ಹರಡಿದ್ದರೆ ಅದರ ಆಯುಷ್ಯ ಮುಗಿದಿದೆ. ತಿರುಗುವ ಫ್ಯಾನಿಗೆ ಸುತ್ತಿದ ಪತ್ರಿಕೆ ಒಡ್ಡಿ ನಿಲ್ಲಿಸಿ ನೋಡುವ ವಿಧಾನವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಬೆರಳು ಹೋಗುತ್ತದೆ.

ಹಂತ 5: ಥರ್ಮೋಸ್ಟಾಟ್

‘ಹೀಟ್ ಆಗುತ್ತಿದೆಯಾ? ವಾಲ್ವ್ ತೆಗೆದು ಬಿಸಾಕಿ’ ಎಂಬುದು ನಮ್ಮ ಗ್ಯಾರೇಜುಗಳ ಹಳೆಯ ಮಂತ್ರ. ಥರ್ಮೋಸ್ಟಾಟ್ ಇಲ್ಲದ ಡೀಸೆಲ್ ಎಂಜಿನ್ ಬೆಂಗಳೂರಿನ ಚಳಿಗಾಲದಲ್ಲಿ ಸರಿಯಾದ ಶಾಖಕ್ಕೇ ಬರುವುದಿಲ್ಲ. ಹೊಗೆ ಹೆಚ್ಚುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಬೇರೊಂದಿದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟಿನ ಕೆಳಗೆ ಇನ್ನೊಂದು ಬಿಲ್ಲೆ ಇರುತ್ತದೆ. ಮೇಲಿನ ದಾರಿ ತೆರೆದಾಗ ಅದು ಬೈಪಾಸನ್ನು, ಅಂದರೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುವ ಅಡ್ಡದಾರಿಯನ್ನು, ಮುಚ್ಚುತ್ತದೆ. ಅಂಥ ಥರ್ಮೋಸ್ಟಾಟನ್ನು ತೆಗೆದರೆ ಅಡ್ಡದಾರಿ ಸದಾ ತೆರೆದಿರುತ್ತದೆ, ಬಿಸಿ ನೀರಿನ ಒಂದು ಪಾಲು ತಣ್ಣಗಾಗದೆ ಮತ್ತೆ ಎಂಜಿನ್ನಿಗೇ ಮರಳುತ್ತದೆ, ಏರಿನಲ್ಲಿ ಗಾಡಿ ಮೊದಲಿಗಿಂತ ಹೆಚ್ಚು ಹೀಟ್ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಥರ್ಮೋಸ್ಟಾಟಿನ ಲೋಹದ ಮನೆಯನ್ನು ಬಿಚ್ಚಿ, ಒಳಗೆ ಅದು ಇದೆಯೇ ಎಂದು ಒಮ್ಮೆ ಕಣ್ಣಾರೆ ನೋಡಬೇಕು.

ಪರೀಕ್ಷೆಗೆ ಅಡುಗೆಮನೆ ಸಾಕು. ಹಳೆಯ ಪಾತ್ರೆಯೊಂದರಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲೊಂದು ಥರ್ಮಾಮೀಟರ್ ಇಳಿಸಿ ಒಲೆ ಹಚ್ಚಿ. 82 ಎಂದು ಮುದ್ರಿಸಿದ್ದು ಆ ಆಸುಪಾಸಿನಲ್ಲಿ ತೆರೆಯತೊಡಗಿ, ನೀರು ಕುದಿ ಬರುವ ಹೊತ್ತಿಗೆ ಸುಮಾರು 8 ಮಿಲಿಮೀಟರ್ ಮೇಲೆದ್ದಿರಬೇಕು. ಒಂದು ಸಲ ತೆರೆದರೆ ಸಾಲದು. ಒಮ್ಮೊಮ್ಮೆ ಸಿಕ್ಕಿಕೊಳ್ಳುವ ಥರ್ಮೋಸ್ಟಾಟನ್ನು ಹಿಡಿಯಬೇಕಾದರೆ ತಣ್ಣಗೆ ಮಾಡಿ, ಮತ್ತೆ ಬಿಸಿ ಮಾಡಿ, ಹೀಗೆ ನಾಲ್ಕೈದು ಸಲ ನೋಡಿ. ಪ್ರತಿ ಸಲವೂ ಒಂದೇ ಶಾಖಕ್ಕೆ ತೆರೆದು ನಿಧಾನವಾಗಿ ಪೂರ್ತಿ ಮುಚ್ಚಿದರೆ ಅದನ್ನೇ ಮರಳಿ ಹಾಕಿ. ಅಂಚಿನಲ್ಲಿ ಅಲುಗಾಡುವ ಸಣ್ಣ ಮೊಳೆಯೊಂದಿದ್ದರೆ ಅದು ಗಾಳಿ ಹೊರಹೋಗುವ ದಾರಿ. ಜೋಡಿಸುವಾಗ ಅದು ಮೇಲ್ಭಾಗಕ್ಕೆ ಬರಬೇಕು.

ಹಂತ 6: ನೀರಿನ ಓಟ

ನನ್ನ ಜೀಪಿನ ದೋಷ ಸಿಕ್ಕಿದ್ದು ಇಲ್ಲಿ. ರೇಡಿಯೇಟರಿನ ಕೆಳಗಿನಿಂದ ಪಂಪಿಗೆ ಹೋಗುವ ಹೋಸಿನಲ್ಲಿ ನೀರನ್ನು ಪಂಪ್ ಎಳೆದುಕೊಳ್ಳುತ್ತದೆ. ಹೋಸ್ ಮೆತ್ತಗಿದ್ದರೆ ಆ ಎಳೆತಕ್ಕೆ ಅದು ಚಪ್ಪಟೆಯಾಗುತ್ತದೆ. ಹಾಗಾಗದಿರಲೆಂದು ಎಷ್ಟೋ ಗಾಡಿಗಳಲ್ಲಿ ಅದರೊಳಗೆ ತಂತಿಯ ಸುರುಳಿ ಇರುತ್ತದೆ. ನನ್ನದರಲ್ಲಿ ಹಿಂದೆ ಹೋಸ್ ಬದಲಾಯಿಸಿದವರು ಸುರುಳಿಯನ್ನು ಮರಳಿ ಹಾಕಿರಲಿಲ್ಲ. ಐಡಲಿನಲ್ಲಿ ಹೋಸ್ ದುಂಡಗೇ ಇತ್ತು. ಸ್ನೇಹಿತರೊಬ್ಬರು ಒಳಗೆ ಕೂತು ಆಕ್ಸಲರೇಟರ್ ಒತ್ತಿ ಹಿಡಿದಾಗ, ಟಾರ್ಚಿನ ಬೆಳಕಿನಲ್ಲಿ ಆ ಹೋಸ್ ನಿಧಾನವಾಗಿ ಕೆನ್ನೆ ಒಳಸೇದಿಕೊಂಡ ಹಾಗೆ ಮುದುಡಿತು. ಆಕ್ಸಲರೇಟರ್ ಬಿಟ್ಟ ಕೂಡಲೇ ‘ಪಟ್’ ಎಂದು ಮೊದಲಿನಂತಾಯಿತು. ಹೆದ್ದಾರಿಯಲ್ಲಿ ಮಾತ್ರ ಏಕೆ ಹೀಟ್ ಆಗುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆಯೇ ಬೇಕಾಗಲಿಲ್ಲ.

ಈ ಪರೀಕ್ಷೆಯನ್ನು ನೀವೂ ಮಾಡಿ. ಗೇರು ನ್ಯೂಟ್ರಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಏಕೆಂದರೆ ತಣ್ಣನೆಯ ರಬ್ಬರ್ ಗಟ್ಟಿಯಾಗಿದ್ದು ನಿಮ್ಮನ್ನು ಮೋಸಗೊಳಿಸುತ್ತದೆ. ಹೋಸ್ ಮುದುಡದಿದ್ದರೂ ಎಂಜಿನ್ ತಣ್ಣಗಾದ ಮೇಲೆ ಅದನ್ನು ಬಿಚ್ಚಿ ಒಳಗೆ ಬೆರಳಾಡಿಸಿ. ಹಳೆಯ ಹೋಸಿನ ಒಳಪದರ ಕಿತ್ತುಬಂದು ನಾಲಗೆಯಂತೆ ಜೋತಾಡುತ್ತಿದ್ದು, ನೀರು ಜೋರಾಗಿ ಹರಿದಾಗ ಮಾತ್ರ ಅಡ್ಡ ಬೀಳುವುದುಂಟು.

ವಾಟರ್ ಪಂಪಿನ ಬೇರಿಂಗ್ ಹೋದರೆ ಸದ್ದು ಮಾಡುತ್ತದೆ, ಸೀಲ್ ಹೋದರೆ ಸೋರುತ್ತದೆ, ಅವೆರಡೂ ಸುಲಭ. ಕಷ್ಟದ್ದು ಇಂಪೆಲ್ಲರ್, ಅಂದರೆ ನೀರನ್ನು ತಳ್ಳುವ ಒಳಗಿನ ರೆಕ್ಕೆಚಕ್ರ. ಕೂಲೆಂಟ್ ಇಲ್ಲದೆ ವರ್ಷಗಟ್ಟಲೆ ಬರೀ ನೀರಿನಲ್ಲಿ ಓಡಿದ ಗಾಡಿಗಳಲ್ಲಿ ಅದರ ರೆಕ್ಕೆಗಳು ಕರಗಿ ಮೊಂಡಾಗಿರುತ್ತವೆ, ಕೆಲವೊಮ್ಮೆ ಬಿಸಿಯಾದಾಗ ಚಕ್ರ ತನ್ನ ದಂಡದ ಮೇಲೆಯೇ ಜಾರುತ್ತದೆ. ಹೊರಗಿನಿಂದ ಪಂಪ್ ತಿರುಗುತ್ತಿರುವಂತೆಯೇ ಕಾಣುತ್ತದೆ. ಉಳಿದೆಲ್ಲ ಸರಿಯಿದ್ದರೆ ಪಂಪನ್ನು ಬಿಚ್ಚಿಯೇ ನೋಡಬೇಕು.

ರೇಡಿಯೇಟರ್ ಕೋರಿಗೆ ಬರೋಣ. ಬೋರ್‌ವೆಲ್ ನೀರು ಕಾಯಿಸುವ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿಯ ಪೊರೆಯನ್ನು ಬೆಂಗಳೂರಿನಲ್ಲಿ ನೋಡದವರಿಲ್ಲ. ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟುವುದೂ ಅದೇ. ಗಾಡಿಯನ್ನು ಚೆನ್ನಾಗಿ ಓಡಿಸಿ ಬಂದ ಕೂಡಲೇ ಎಂಜಿನ್ ಆಫ್ ಮಾಡಿ, ಕೋರಿನ ಮುಖದ ಮೇಲೆ ಥರ್ಮಾಮೀಟರನ್ನು ಸಾಲುಸಾಲಾಗಿ ಆಡಿಸಿ. ನೀರು ಮೇಲಿನಿಂದ ಕೆಳಗೆ ಇಳಿಯುವ ರೇಡಿಯೇಟರಿನಲ್ಲಿ ಶಾಖ ಕ್ರಮವಾಗಿ ಕಡಿಮೆಯಾಗುತ್ತ ಬರಬೇಕು. ನಡುವೆ ಒಂದು ಪಟ್ಟಿ ಅಕ್ಕಪಕ್ಕಕ್ಕಿಂತ ತೀರ ತಣ್ಣಗಿದ್ದರೆ ಅಲ್ಲಿನ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ತಾಮ್ರ ಮತ್ತು ಹಿತ್ತಾಳೆಯ ಹಳೆಯ ರೇಡಿಯೇಟರುಗಳಿಗೆ ಒಂದು ಅನುಕೂಲವಿದೆ: ರೇಡಿಯೇಟರ್ ಕೆಲಸದವರು ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಪ್ರತಿ ಕೊಳವೆಗೂ ಕಂಬಿ ತೂರಿಸಿ ಸ್ವಚ್ಛಗೊಳಿಸಿ ಮತ್ತೆ ಬೆಸೆಯುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಆ ಭಾಗ್ಯವಿಲ್ಲ. ಮುಚ್ಚಿದ ಕೊಳವೆಗಳು ಹೆಚ್ಚಿದ್ದರೆ ಬದಲಾಯಿಸುವುದೇ ದಾರಿ.

ಹಂತ 7: ಹೆಡ್ ಗ್ಯಾಸ್ಕೆಟ್

ಈ ಹಂತಕ್ಕೆ ಬರುವ ಮೊದಲು ಹೆಡ್ ಬಿಚ್ಚಲು ಒಪ್ಪಬೇಡಿ. ಬಂದ ಮೇಲೂ ಪುರಾವೆ ಇಲ್ಲದೆ ಒಪ್ಪಬೇಡಿ.

ಡೀಸೆಲ್ ಎಂಜಿನ್ನಿನ ಸಿಲಿಂಡರಿನ ಒತ್ತಡ ಬಹಳ ಹೆಚ್ಚು. ಗ್ಯಾಸ್ಕೆಟ್ಟಿನಲ್ಲೋ ಹೆಡ್ಡಿನಲ್ಲೋ ಕೂದಲೆಳೆಯ ಬಿರುಕಿದ್ದರೆ ಐಡಲಿನಲ್ಲಿ ಅದು ಮುಚ್ಚಿಯೇ ಇದ್ದು, ಏರಿನಲ್ಲಿ ಎಂಜಿನ್ ಪೂರ್ತಿ ದುಡಿಯುವಾಗ ಮಾತ್ರ ತೆರೆದು ಹೊಗೆಯನ್ನು ನೀರಿಗೆ ಬಿಡಬಹುದು. ಹೊಗೆಯ ಗುಳ್ಳೆಗಳು ನೀರನ್ನು ಹೊರಗೆ ತಳ್ಳುತ್ತವೆ, ನೀರು ಕಡಿಮೆಯಾಗಿ ಹೀಟ್ ಆಗುತ್ತದೆ, ಮಾಲೀಕರಿಗೆ ಕಾಣುವುದು ‘ಸೋರಿಕೆಯಿಲ್ಲದೆ ನೀರು ಕಡಿಮೆಯಾಗುವುದು’ ಮಾತ್ರ. ಬೆಳಗಿನ ‘ಸ್ಸ್’ ಸದ್ದು, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತಾಗುವುದು, ಎಂಜಿನ್ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗುವುದು, ಬಿಸಿಯಾದ ಮೇಲೂ ನಿಲ್ಲದ ಸಿಹಿ ವಾಸನೆಯ ಬಿಳಿ ಹೊಗೆ ಇವು ಲಕ್ಷಣಗಳು. ಇವೆಲ್ಲ ಒಟ್ಟಿಗೆ ಬರಬೇಕೆಂದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗಿದೆ. ರೇಡಿಯೇಟರ್ ಕಂಠದಿಂದ ಹೊರಬರುವ ಸಣ್ಣ ಕೊಳವೆಯ ತುದಿಯನ್ನು ಅರ್ಧ ನೀರು ತುಂಬಿದ ಪಾರದರ್ಶಕ ಬಾಟಲಿಯಲ್ಲಿ ಮುಳುಗಿಸಿ, ಬಾಟಲಿಯ ಬಾಯಿಯನ್ನು ಪೂರ್ತಿ ಮುಚ್ಚದೆ, ಅದನ್ನು ಬಾನೆಟ್ಟಿನೊಳಗೆ ಭದ್ರವಾಗಿ ಕಟ್ಟಿ. ಏರಿನಲ್ಲಿ ಓಡಿಸಿ ಬಂದು, ಎಂಜಿನ್ ಓಡುತ್ತಿರುವಂತೆಯೇ ಬಾಟಲಿಯನ್ನು ನೋಡಿ. ಮೊದಲಿಗೆ ಉಳಿದಿದ್ದ ಗಾಳಿ ಒಂದಷ್ಟು ಗುಳ್ಳೆಗಳಾಗಿ ಬರುವುದು ಸಹಜ. ಮರುದಿನವೂ, ಅದರ ಮರುದಿನವೂ ಗುಳ್ಳೆಗಳು ಬಿಡದೆ ಬರುತ್ತಿದ್ದರೆ ಅದು ಉಳಿದ ಗಾಳಿಯಲ್ಲ. ಆಗ ಬ್ಲಾಕ್ ಟೆಸ್ಟ್ ಮಾಡಿಸಿ. ರೇಡಿಯೇಟರಿನೊಳಗಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದಾಗ, ಅದರಲ್ಲಿ ಎಂಜಿನ್ನಿನ ಹೊಗೆ ಬೆರೆತಿದ್ದರೆ ದ್ರವದ ಬಣ್ಣ ಬದಲಾಗುತ್ತದೆ. ಐಡಲಿನಲ್ಲಿ ಮಾಡಿ ‘ಏನೂ ಇಲ್ಲ’ ಎಂದರೆ ನಂಬಬೇಡಿ. ಗಾಡಿಯನ್ನು ಚೆನ್ನಾಗಿ ದುಡಿಸಿದ ಬಳಿಕ ಮತ್ತೊಮ್ಮೆ ಮಾಡಲು ಹೇಳಿ.

ಹೆಡ್ ಬಿಚ್ಚಲೇಬೇಕಾಗಿ ಬಂದರೆ ಬರೀ ಗ್ಯಾಸ್ಕೆಟ್ ಬದಲಾಯಿಸಿ ಮುಚ್ಚಲು ಬಿಡಬೇಡಿ. ಹೆಡ್ ಸೊಟ್ಟಗಾಗಿದೆಯೇ ಎಂದು ನೇರ ಪಟ್ಟಿ ಇಟ್ಟು ಅಳೆಯಬೇಕು, ವಾಲ್ವುಗಳ ನಡುವೆ ಬಿರುಕಿದೆಯೇ ಎಂದು ಒತ್ತಡ ಹಾಕಿ ನೋಡಬೇಕು, ಫೇಸಿಂಗ್, ಅಂದರೆ ಹೆಡ್ಡಿನ ತಳವನ್ನು ಉಜ್ಜಿ ಸಮ ಮಾಡುವ ಕೆಲಸ, ಮಾಡಿಸಿದರೆ ಎಷ್ಟು ಲೋಹ ತೆಗೆದರೆಂದು ಬರೆಸಿಕೊಳ್ಳಬೇಕು. ಡೀಸೆಲ್ಲಿನಲ್ಲಿ ಪಿಸ್ಟನ್ ಬ್ಲಾಕಿನ ಮಟ್ಟದಿಂದ ಎಷ್ಟು ಮೇಲೆ ಬರುತ್ತದೆ ಎಂಬುದನ್ನು ನೋಡಿ ಗ್ಯಾಸ್ಕೆಟ್ಟಿನ ದಪ್ಪವನ್ನು ಆರಿಸುವ ಎಂಜಿನ್ನುಗಳಿವೆ. ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕುವ ವಸ್ತು ಅದಲ್ಲ.

ಹಂತ 8: ಎಂಜಿನ್ನೇ ಹೆಚ್ಚು ಶಾಖ ಹುಟ್ಟಿಸುತ್ತಿದೆಯೇ?

ಕೂಲಿಂಗ್ ವ್ಯವಸ್ಥೆ ಪೂರ್ತಿ ಸರಿಯಿದ್ದೂ ಏರಿನಲ್ಲಿ ಹೀಟ್ ಆದರೆ ಹೊಗೆಯ ಬಣ್ಣ ನೋಡಿ. ಏರಿನುದ್ದಕ್ಕೂ ಕಪ್ಪು ಹೊಗೆ ಬಿಡುತ್ತಿದ್ದರೆ ಯಾರೋ ‘ಪಿಕಪ್’ ಹೆಚ್ಚಿಸಲು ಇಂಧನ ಪಂಪಿನ ತಿರುಪನ್ನು ತಿರುಗಿಸಿರಬಹುದು. ಪಂಪಿನ ಟೈಮಿಂಗ್ ಮತ್ತು ಇಂಜೆಕ್ಟರುಗಳನ್ನು ಇಂಧನ ಪಂಪ್ ರಿಪೇರಿ ಮಾಡುವವರಿಂದ ಪರೀಕ್ಷೆ ಮಾಡಿಸಿ. ಓಡಿಸಿ ಬಂದು ನಾಲ್ಕೂ ಚಕ್ರಗಳ ಡ್ರಮ್ಮಿನ ಶಾಖವನ್ನು ಅಳೆಯಿರಿ, ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸುವುದು, ಮೂಲ ಅಳತೆಗಿಂತ ದೊಡ್ಡ ಟೈರು ಹಾಕಿಸಿ ಹಳೆಯ ಗೇರಿನಲ್ಲೇ ಏರು ಹತ್ತಿಸುವುದು ಇವೂ ಎಂಜಿನ್ನಿಗೆ ಹೊರೆಯೇ.

ಹಂತ 9: ನೀರು ತುಂಬಿ ಪರೀಕ್ಷೆಗೆ ಹೊರಡುವುದು

ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ. ಬೆರೆಸಿಯೇ ಮಾರುವ ಕ್ಯಾನಾದರೆ ನೀರು ಸೇರಿಸಬೇಡಿ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು. ಶಾಖ ಹೊರುವುದರಲ್ಲಿ ಅಪ್ಪಟ ಕೂಲೆಂಟು ನೀರಿಗಿಂತ ಹಿಂದೆ. ಬಣ್ಣ ನೋಡಿ ಎರಡು ಬಗೆಯ ಕೂಲೆಂಟುಗಳನ್ನು ಬೆರೆಸಬೇಡಿ, ಒಂದೇ ಬಣ್ಣದವು ಒಂದೇ ಬಗೆಯವಾಗಿರುವುದಿಲ್ಲ. ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರಿದ್ದರೆ ಅದರ ವಾಲ್ವ್ ತೆರೆದು, ನಿಧಾನವಾಗಿ ತುಂಬಿ. ಕ್ಯಾಪ್ ತೆರೆದಿಟ್ಟೇ ಐಡಲಿನಲ್ಲಿ ಓಡಿಸಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಸರ್ರನೆ ಇಳಿಯುತ್ತದೆ, ಆಗ ಮತ್ತಷ್ಟು ತುಂಬಿ, ಗುಳ್ಳೆಗಳು ನಿಂತ ಮೇಲೆ ಮುಚ್ಚಿ. ಈ ಗಾಳಿ ತೆಗೆಯುವ ಕೆಲಸವನ್ನು ಅವಸರದಲ್ಲಿ ಮಾಡಿದರೆ ದೋಷ ಸರಿಪಡಿಸಿದ ಗಾಡಿಯೇ ಮರುದಿನ ಮತ್ತೆ ಮುಳ್ಳು ಜಿಗಿಸುತ್ತದೆ.

ಪರೀಕ್ಷೆಗೆ ವಾರದ ನಡುವಿನ ದಿನ, ಬಿಸಿಲೇರಿದ ಹೊತ್ತಿನಲ್ಲಿ ನಂದಿ ಬೆಟ್ಟಕ್ಕೆ ಹೋಗಿ. ಭಾನುವಾರ ಬೆಳಗಿನ ಜಾವದ ಚಳಿಯಲ್ಲಿ, ವಾಹನಗಳ ಸಾಲಿನಲ್ಲಿ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರಿದ್ದರೆ ಪೂರ್ತಿ ಆನ್ ಮಾಡಿ, ಒಂದು ಗೇರು ಕೆಳಗಿಳಿಸಿ ಆಕ್ಸಲರೇಟರ್ ಹಗುರಾಗಿಸಿ, ಇದರಿಂದ ಎಂಜಿನ್ ಮೇಲಿನ ಹೊರೆ ಇಳಿದು ಫ್ಯಾನ್ ಮತ್ತು ಪಂಪ್ ಜೋರಾಗಿ ತಿರುಗುತ್ತವೆ. ಆದರೂ ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ. ನೀರು ಒಳಗೇ ಇದೆ, ಎಲ್ಲೂ ಚೆಲ್ಲಿಲ್ಲ ಎಂದಾದರೆ ಐಡಲಿಗಿಂತ ತುಸು ಮೇಲೆ ಎರಡು ಮೂರು ನಿಮಿಷ ಓಡಲು ಬಿಡಿ, ನೀರು ಚೆಲ್ಲಿದ್ದರೆ ಒಂದು ಕ್ಷಣವೂ ಓಡಿಸಬೇಡಿ.

ಮೇಲೆ ತಲುಪಿದ ಮೇಲೆ ಥರ್ಮೋಸ್ಟಾಟಿನ ಮನೆಯ ಶಾಖವನ್ನೂ ಕೆಳಗಿನ ಹೋಸಿನ ಶಾಖವನ್ನೂ ಅಳೆದು, ಅಂದಿನ ಬಿಸಿಲು ಹೇಗಿತ್ತು ಎಂಬುದರ ಜೊತೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮರುದಿನ ಬೆಳಗ್ಗೆ ಕ್ಯಾಪ್ ತೆರೆದು ಸದ್ದು ಕೇಳಿ, ಮಟ್ಟ ನೋಡಿ. ಅದೇ ಏರನ್ನು ಇನ್ನೆರಡು ಸಲ ಹತ್ತಿಸಿ, ಮೂರೂ ಸಲ ಅಂಕಿಗಳು ಹೆಚ್ಚುಕಡಿಮೆ ಒಂದೇ ಆಗಿದ್ದು ಮಟ್ಟ ಕದಲದಿದ್ದರೆ ಸಕಲೇಶಪುರದ ಘಟ್ಟಕ್ಕೆ ಹೊರಡಬಹುದು.